ಬೀರುವಿನಿಂದ ಹೊರಬಂದ ಕ್ಯಾಮೆರಾ ಆನ್ ಆಗದಿದ್ದರೆ

ದಾವಣಗೆರೆಯ ಮಂಡಿಪೇಟೆ ಹತ್ತಿರದ ಗಲ್ಲಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್, ಲ್ಯಾಮಿನೇಷನ್. ಮೊದಲು ಮದುವೆ ಫೋಟೋಗೂ ಹೋಗುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ. ಈಚೆಗೆ ಕಾಲೇಜು ಹುಡುಗರು ಅಪ್ಪನ ಬೀರುವಿನಲ್ಲಿ ಮಲಗಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದುಕೊಂಡು ಬರುತ್ತಿದ್ದಾರೆ. ಮೊಬೈಲಿನಲ್ಲಿ ಸಿಗದ ಬಣ್ಣ ಇದರಲ್ಲಿ ಸಿಗುತ್ತದಂತೆ. "ಅಂಕಲ್, ಇದು ಸತ್ತೋಗೈತೆ, ನೋಡ್ರಿ" ಅನ್ನುತ್ತಾರೆ. ನೋಡಿದರೆ ಬಹಳಷ್ಟು ಸತ್ತಿರುವುದಿಲ್ಲ. ಹೊಟ್ಟೆಗೆ ಬಿದ್ದಿಲ್ಲ, ಅಷ್ಟೇ.

ಹಾಗಾಗಿ ಮೊದಲು ಸೆಲ್ ನೋಡಿ. ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಆದರೆ ನಾನು ಕೇಳುವುದು ಒಂದೇ ಪ್ರಶ್ನೆ: ಯಾವ ಸೆಲ್ ಹಾಕಿದ್ದೀರಿ? ಗೋಡೆ ಗಡಿಯಾರಕ್ಕೆ ತರುವ ಅಗ್ಗದ ಸೆಲ್ಲೇ ಇರುತ್ತದೆ. ಗಡಿಯಾರ ಚೂರುಚೂರೇ ಕರೆಂಟ್ ಎಳೆಯುತ್ತದೆ, ವರ್ಷಗಟ್ಟಲೆ ನಡೆಯುತ್ತದೆ. ಕ್ಯಾಮೆರಾ ಹಾಗಲ್ಲ. ಲೆನ್ಸ್ ಹೊರಗೆ ತಳ್ಳುವಾಗ, ಫ್ಲ್ಯಾಷ್ ತುಂಬಿಕೊಳ್ಳುವಾಗ ಒಂದೇ ಸಲಕ್ಕೆ ಜಾಸ್ತಿ ಕರೆಂಟ್ ಬೇಕು. ಎತ್ತಿನ ಗಾಡಿಗೆ ಮೇಕೆ ಕಟ್ಟಿದ ಹಾಗೆ ಆಗುತ್ತದೆ. ಲೆನ್ಸ್ ಅರ್ಧ ಬಾಯಿ ತೆರೆದು, ಬ್ಯಾಟರಿ ಚಿತ್ರ ಮಿನುಗಿಸಿ, ಸುಮ್ಮನಾಗಿಬಿಡುತ್ತದೆ. ಸೆಲ್ ಹೊಸದೇ ಆಗಿದ್ದರೂ ಅಷ್ಟೇ.

ಇದಕ್ಕೆ ರೀಚಾರ್ಜ್ ಮಾಡುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ತನ್ನಿ. 2000 ಎಂಎಎಚ್ ಆಸುಪಾಸಿನದು ಸಾಕು. ಅದರ ಮೇಲೆ 1.2 ವೋಲ್ಟ್ ಅಂತ ಬರೆದಿರುತ್ತದೆ. "ಮಾಮೂಲಿ ಸೆಲ್ಲು 1.5 ಅಲ್ವಾ, ಇದು ಕಡಿಮೆ ಅಲ್ವಾ?" ಅಂತ ಕೇಳುತ್ತಾರೆ. ಸಂಖ್ಯೆ ಕಡಿಮೆಯೇ. ಆದರೆ ಭಾರ ಬಿದ್ದಾಗ ಇದು ಕುಸಿಯುವುದಿಲ್ಲ, ಅದು ಕುಸಿಯುತ್ತದೆ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಯಾವ ಬಗೆಯ ಸೆಲ್ ಅಂತ ಆರಿಸುವ ಜಾಗವೂ ಇರುತ್ತದೆ. ಇದ್ದರೆ ಬದಲಾಯಿಸಿ.

ಚಪ್ಪಟೆ ಲಿಥಿಯಂ ಬ್ಯಾಟರಿಯದು ಬೇರೆ ಕಥೆ. ಏಳೆಂಟು ವರ್ಷ ಖಾಲಿ ಬಿಟ್ಟರೆ ಅದು ಪೂರ್ತಿ ಬತ್ತಿಹೋಗುತ್ತದೆ. ಚಾರ್ಜರಿಗೆ ಹಾಕಿದಾಗ ದೀಪ ಸುಮ್ಮನೆ ಉರಿಯುವ ಬದಲು ಪಟಪಟ ಮಿನುಗುತ್ತಲೇ ಇದ್ದರೆ ಅದರ ಆಸೆ ಬಿಡಿ. ವಯರ್ ಹಚ್ಚಿ ಎಬ್ಬಿಸುವ ವಿಡಿಯೋ ನೋಡಿಕೊಂಡು ಬರಬೇಡಿ. ಮಲ್ಟಿಮೀಟರ್ ಇದ್ದರೆ ನೋಡಿ. ತುಂಬಿದ ಬ್ಯಾಟರಿ 4.2 ವೋಲ್ಟ್ ಹತ್ತಿರ ತೋರಿಸಬೇಕು. ಹೊಟ್ಟೆ ಉಬ್ಬಿದ್ದರೆ ಚಾರ್ಜಿಗೇ ಹಾಕಬೇಡಿ. ಒಳಗೆ ಸಿಕ್ಕಿಕೊಂಡಿದ್ದರೆ ಚಾಕು ತೂರಿಸಿ ಎಬ್ಬಬೇಡಿ, ಚುಚ್ಚಿದರೆ ಬೆಂಕಿ ಹತ್ತುತ್ತದೆ.

ಬ್ಯಾಟರಿ ಸರಿ ಇದ್ದೂ ಆನ್ ಆಗದಿದ್ದರೆ ಒಳಗಿನ ತಗಡು ನೋಡಿ. ಸೆಲ್ ಸೋರಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿರಬಹುದು. ಆಲ್ಕಲೈನ್ ಸೆಲ್ ಸೋರಿದ್ದಾದರೆ ಇಯರ್ ಬಡ್ ತುದಿಗೆ ಒಂದೇ ಹನಿ ನಿಂಬೆರಸ ಮುಟ್ಟಿಸಿ ಒರೆಸಿ. ಆಮೇಲೆ ಮೆಡಿಕಲ್ ಶಾಪಿನ ಸ್ಪಿರಿಟ್‌ನಿಂದ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಬರೀ ಮಂಕಾಗಿದ್ದರೆ ಪೆನ್ಸಿಲ್ ರಬ್ಬರ್ ಉಜ್ಜಿದರೆ ಸಾಕು. ಇನ್ನೊಂದು, ಬ್ಯಾಟರಿ ಮುಚ್ಚಳ. ಅದರ ಅಂಚಿನಲ್ಲಿ ಒಂದು ಸಣ್ಣ ಮೊಳೆಯಂಥದು ಇರುತ್ತದೆ. ಮುಚ್ಚಿದಾಗ ಅದು ಒಳಗಿನ ಸ್ವಿಚ್ ಒತ್ತುತ್ತದೆ. ಅದು ಮುರಿದಿದ್ದರೆ ಮುಚ್ಚಳ ತೆರೆದೇ ಇದೆ ಅಂದುಕೊಂಡು ಕ್ಯಾಮೆರಾ ಏಳುವುದಿಲ್ಲ.

ಮೆಮೊರಿ ಕಾರ್ಡ್ ಗೋಳು ಈಗ ಹೊಸದು. ಅಂಗಡಿಯಲ್ಲಿ ಸಿಗುವುದೇ 64 ಜಿಬಿ, 128 ಜಿಬಿ. 2005ರ ಕ್ಯಾಮೆರಾಗೆ ಅದು ಅರ್ಥವೇ ಆಗುವುದಿಲ್ಲ. ಆಗಿನವು 2 ಜಿಬಿ ತನಕದ ಎಸ್‌ಡಿ ಕಾರ್ಡ್ ಮಾತ್ರ ಓದುತ್ತವೆ. 2006ರಲ್ಲಿ ಎಸ್‌ಡಿಎಚ್‌ಸಿ ಬಂತು, ಅದು 32 ಜಿಬಿ ತನಕ. ಅದಕ್ಕಿಂತ ದೊಡ್ಡದು ಎಸ್‌ಡಿಎಕ್ಸ್‌ಸಿ, ಬಂದದ್ದು 2009ರಲ್ಲಿ. ನಿಮ್ಮ ಕ್ಯಾಮೆರಾ ಮೈಮೇಲೆ ಯಾವ ಗುರುತಿದೆಯೋ ಅದನ್ನು ನೋಡಿಕೊಂಡೇ ಕಾರ್ಡ್ ಕೊಳ್ಳಿ. ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಇದ್ದದ್ದೆಲ್ಲ ಹೋಗುತ್ತದೆ, ಮೊದಲು ಕಾಪಿ ಮಾಡಿಟ್ಟುಕೊಳ್ಳಿ. "ಕಾರ್ಡ್ ಲಾಕ್" ಅಂತ ಬಂದರೆ ಕಾರ್ಡಿನ ಪಕ್ಕದ ಚಿಕ್ಕ ಗುಂಡಿ ಮೇಲೆ ಸರಿಸಿ. ಇಷ್ಟಕ್ಕೇ ಹೊನ್ನಾಳಿಯಿಂದ ಒಬ್ಬರು ಬಸ್ ಹತ್ತಿ ಬಂದಿದ್ದರು. ದುಡ್ಡು ತಗೊಳ್ಳಲಿಲ್ಲ, ಟೀ ಕುಡಿಸಿ ಕಳಿಸಿದೆ.

ಮೂರ್ನಾಲ್ಕು ಫೋಟೋ ಆಗುತ್ತಲೇ ಜಾಗ ಇಲ್ಲ ಅಂದರೆ ಕ್ಯಾಮೆರಾ ಕಾರ್ಡನ್ನು ಕಾಣುತ್ತಿಲ್ಲ, ತನ್ನ ಒಳಗಿನ ಪುಟ್ಟ ಮೆಮೊರಿಗೆ ತುಂಬುತ್ತಿದೆ ಅಂತ ತಿಳಿಯಿರಿ. ಕಾರ್ಡ್ ತೆಗೆದು ನೋಡಿದರೆ ಆ ಫೋಟೋ ಅಲ್ಲೇ ಕಾಣುತ್ತವೆ. ಅಪ್ಪ ಎಂದೋ ತೆಗೆದದ್ದೂ ಅಲ್ಲಿ ಇರಬಹುದು, ಅಳಿಸುವ ಮೊದಲು ನೋಡಿ.

ಇನ್ನು ಲೆನ್ಸ್. ನಮ್ಮೂರಿನಲ್ಲಿ ಕ್ಯಾಮೆರಾ ಕೊಲ್ಲುವುದು ಎರಡು: ಧೂಳು ಮತ್ತು ಹೋಳಿ. ರಾಂ ಅಂಡ್ ಕೋ ಸರ್ಕಲ್ಲಿನಲ್ಲಿ ಬಣ್ಣ ಆಡಿದ ಮರುದಿನ ಒಬ್ಬ ಹುಡುಗ ಬಂದ. ಲೆನ್ಸ್ ಅರ್ಧಕ್ಕೆ ನಿಂತಿದೆ, ಸುತ್ತಲಿನ ಸಂದಿಯಲ್ಲಿ ಗುಲಾಬಿ ಪುಡಿ, ಪರದೆ ಮೇಲೆ ಲೆನ್ಸ್ ಎರರ್. ಅದಾಗಲೇ ಅವರ ಮನೆಯಲ್ಲಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟು ನೋಡಿದ್ದರು. ಪುಡಿಯನ್ನು ನಾನು ತೆಗೆಯುತ್ತಿದ್ದೆನೇನೋ. ಎಣ್ಣೆ ಒಳಗಿನ ಗಾಜಿಗೂ ಶಟರಿನ ತೆಳುವಾದ ಎಲೆಗಳಿಗೂ ಹರಿದುಹೋಗಿತ್ತು. ಅದು ಅಲ್ಲಿಗೆ ಮುಗಿಯಿತು.

ನೀವು ಹೀಗೆ ಮಾಡಿ. ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಯಾಕೆಂದರೆ ಬ್ಯಾಟರಿ ಸೋತಾಗಲೂ ಇದೇ ಎರರ್ ಬರುತ್ತದೆ. ಆಮೇಲೆ ಬ್ಯಾಟರಿ, ಕಾರ್ಡ್ ಎರಡೂ ತೆಗೆದು ಹತ್ತು ನಿಮಿಷ ಬಿಡಿ. ಲೆನ್ಸ್ ನೆಲ ನೋಡುವಂತೆ ಹಿಡಿದು, ರಬ್ಬರ್ ಬ್ಲೋವರ್‌ನಿಂದ ಸಂದಿಯ ಸುತ್ತ ಗಾಳಿ ಒತ್ತಿ. ಬಾಯಿಂದ ಊದಬೇಡಿ, ಎಂಜಲು ಹೋಗುತ್ತದೆ. ಇನ್ನೂ ಮರಳಿನ ಕಣ ಕಂಡರೆ ವಿಸಿಟಿಂಗ್ ಕಾರ್ಡಿಗಿಂತ ತೆಳುವಾದ ಕಾಗದವನ್ನು ಸಂದಿಯಲ್ಲಿ ಮೆಲ್ಲಗೆ ಸುತ್ತ ಆಡಿಸಿ. ಈಗ ಬ್ಯಾಟರಿ ಹಾಕಿ ಆನ್ ಮಾಡಿ. ಕೈಯಿಂದ ಎಳೆಯುವುದು, ತಿರುಗಿಸುವುದು ಬೇಡ. ಒಳಗಿನ ಹಲ್ಲುಗಾಲಿಗಳು ಪ್ಲಾಸ್ಟಿಕ್ಕಿನವು, ಒಂದು ಹಲ್ಲು ಹೋದರೂ ಮುಗಿಯಿತು.

ಸ್ಕ್ರೂ ಬಿಚ್ಚಲು ಮಾತ್ರ ಹೋಗಬೇಡಿ. ಫ್ಲ್ಯಾಷ್‌ನ ಕೆಪಾಸಿಟರ್ 300 ವೋಲ್ಟ್ ಆಸುಪಾಸು ಹಿಡಿದಿಟ್ಟುಕೊಂಡಿರುತ್ತದೆ, ಬ್ಯಾಟರಿ ತೆಗೆದ ಮೇಲೂ. ನಾನೂ ಒಂದು ಸಲ ಹೊಡೆಸಿಕೊಂಡಿದ್ದೇನೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬೀದಿಯಲ್ಲಿ ಬಿದ್ದಿತ್ತು.

ಕ್ಯಾಮೆರಾ ಸರಿ ಇದ್ದೂ ಫೋಟೋ ಸರಿ ಬರುತ್ತಿಲ್ಲ ಅನ್ನುವವರೂ ಬರುತ್ತಾರೆ. ಎಲ್ಲ ಮಂಜು ಮಂಜಾಗಿದ್ದರೆ ಬೆಣ್ಣೆ ದೋಸೆ ತಿಂದ ಬೆರಳು ಲೆನ್ಸ್ ಮೇಲೆ ಬಿದ್ದಿರುತ್ತದೆ. ಮೊದಲು ಬ್ಲೋವರ್, ಆಮೇಲೆ ಕನ್ನಡಕದ ಬಟ್ಟೆ. ಹತ್ತಿರದ ವಸ್ತು ಮಸುಕಾದರೆ ಹೂವಿನ ಗುರುತಿನ ಮ್ಯಾಕ್ರೋ ಹಾಕಿ. ಮೊಬೈಲ್ ಕುಟ್ಟಿದಂತೆ ಬಟನ್ ಕುಟ್ಟಬೇಡಿ. ಅರ್ಧ ಒತ್ತಿ, ಹಸಿರು ಚೌಕ ಬಂದ ಮೇಲೆ ಪೂರ್ತಿ ಒತ್ತಿ. ರಾತ್ರಿಯ ಫ್ಲ್ಯಾಷ್ ಫೋಟೋದಲ್ಲಿ ಬಿಳಿ ಗುಂಡು ಗುಂಡು ಚುಕ್ಕೆ ಬಂದರೆ ಅದು ದೆವ್ವ ಅಲ್ಲ, ಲೆನ್ಸ್ ಮುಂದೆ ಹಾರುವ ಧೂಳಿಗೆ ಬಿದ್ದ ಬೆಳಕು. ದುಗ್ಗಮ್ಮನ ಜಾತ್ರೆಯಲ್ಲಿ ಇಂಥ ಫೋಟೋ ಬೇಕಾದಷ್ಟು ಸಿಗುತ್ತವೆ. ಈ ಫ್ಲ್ಯಾಷ್ ಮೂರು ನಾಲ್ಕು ಮೀಟರ್ ದಾಟುವುದಿಲ್ಲ. ದೂರದ ದೀಪಾಲಂಕಾರಕ್ಕೆ ಅದನ್ನು ಆಫ್ ಮಾಡಿ, ಕ್ಯಾಮೆರಾವನ್ನು ಕಟ್ಟೆ ಮೇಲಿಟ್ಟು 2 ಸೆಕೆಂಡಿನ ಟೈಮರ್ ಹಾಕಿ.

ಚಿತ್ರದುರ್ಗದ ಕೋಟೆಗೆ ಹೋದವರದು ತಿರುಗುಮುರುಗು. ಬಂಡೆ ಮೇಲೆ ನಿಂತವರ ಹಿಂದೆ ಬರೀ ಆಕಾಶ, ಮುಖ ಇದ್ದಿಲು. ಅಲ್ಲಿ ಮಟಮಟ ಮಧ್ಯಾಹ್ನವೇ ಫ್ಲ್ಯಾಷ್ ಹಾಕಬೇಕು. ಮಿಂಚಿನ ಗುರುತನ್ನು ಆಟೋದಿಂದ ಆನ್‌ಗೆ ತನ್ನಿ, ಹತ್ತಿರ ನಿಲ್ಲಿ. ಸೂರ್ಯನ ಕಡೆ ಹಿಡಿದಾಗ ಪರದೆ ಮೇಲೆ ಮೇಲಿಂದ ಕೆಳಗೆ ನೇರಳೆ ಗೆರೆ ಬಂದರೆ ಹೆದರಬೇಡಿ. ಹಳೆಯ ಕ್ಯಾಮೆರಾಗಳಲ್ಲಿ ಬೆಳಕು ಹಿಡಿಯುವ ಸಿಸಿಡಿ ಸೆನ್ಸರಿನ ಸ್ವಭಾವ ಅದು. ವಿಡಿಯೋದಲ್ಲಿ ಉಳಿಯುತ್ತದೆ, ಫೋಟೋದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಆನ್ ಮಾಡಿದಾಗೆಲ್ಲ ತಾರೀಕು ಕೇಳುತ್ತಿದ್ದರೆ ಒಳಗಿನ ಚಿಕ್ಕ ಬ್ಯಾಟರಿ ಇಳಿದಿದೆ. ಎಷ್ಟೋ ಕ್ಯಾಮೆರಾಗಳಲ್ಲಿ ತುಂಬಿದ ದೊಡ್ಡ ಬ್ಯಾಟರಿಯನ್ನು ಒಂದು ದಿನ ಒಳಗೇ ಬಿಟ್ಟರೆ ಅದು ತಾನೇ ತುಂಬಿಕೊಳ್ಳುತ್ತದೆ. ಫೋಟೋ ತಪ್ಪಿ ಅಳಿಸಿದರೆ ಆ ಕಾರ್ಡಿನಲ್ಲಿ ಇನ್ನೊಂದು ಫೋಟೋ ಕೂಡ ತೆಗೆಯದೆ ಹೊರಗೆ ತೆಗೆದಿಡಿ. ಫೋಟೋರೆಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಎಷ್ಟೋ ಸಲ ವಾಪಸ್ ತಂದುಕೊಡುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಯಾರಾದರೂ ರಿಪೇರಿಯವರಿಗೆ ತೋರಿಸಿ. ಹೋಗುವಾಗ ಚಾರ್ಜರ್ ಮರೆಯಬೇಡಿ. ಕೆಟ್ಟಿರುವುದು ಅದೇ ಇರಬಹುದು.