ಬೋರ್ ಹೊಡೆಸಿ ತಂದ ಆರ್‌ಎಕ್ಸ್ ಕಿಕ್ಕಿಗೆ ಏಳ್ತಿಲ್ವಾ? ಬಿಚ್ಚಿದ ಕಡೆನೇ ಹುಡುಕಿ

ಬಟನ್ ಟೈರ್ ಹಾಕಿ, ಮುಂದಿನ ಮಡ್‌ಗಾರ್ಡ್ ಎತ್ತರಿಸಿ, ಮಣ್ಣಲ್ಲಿ ಓಡ್ಸೋಕೆ ಅಂತ್ಲೇ ಇಟ್ಕೊಂಡಿರೋ ಯಮಹಾ ಆರ್‌ಎಕ್ಸ್ 100 ಬೈಕುಗಳು ಮಲೆನಾಡು ಕಡೆ ಇನ್ನೂ ಬೇಕಾದಷ್ಟಿವೆ. 1996ರಲ್ಲೇ ನಿಂತುಹೋದ ಮಾಡೆಲ್ಲು, ಹಾಗಾಗಿ ಈಗ ಓಡ್ತಿರೋ ಗಾಡಿಗಳಲ್ಲಿ ಬೋರ್ (ಸವೆದ ಸಿಲಿಂಡರನ್ನ ಲೇತಲ್ಲಿ ಸ್ವಲ್ಪ ಅಗಲ ಮಾಡ್ಸೋದು) ಆಗ್ದೇ ಇರೋದು ಸಿಕ್ಕೋದೇ ಕಷ್ಟ. ಲೇತಿಗೆ ಕೊಟ್ಟು, ಹೊಸ ಪಿಸ್ಟನ್ ಹಾಕ್ಸಿ, ಇಂಜಿನ್ನಿಗೆ ಕಪ್ಪು ಬಣ್ಣನೂ ಬಳಿಸಿ ಮನೆಗೆ ತಂದು ಕಿಕ್ ಹೊಡೆದ್ರೆ ಶರ್ಟ್ ಒದ್ದೆ ಆಗುತ್ತೆ ಹೊರತು ಗಾಡಿ ಉಸಿರೆತ್ತಲ್ಲ.

ಮೊದಲು ಕೇಳ್ಕೋಬೇಕಾದ್ದು ಒಂದೇ. ಕೆಲಸಕ್ಕೆ ಕೊಡೋ ಮುಂಚೆ ಸ್ಟಾರ್ಟ್ ಆಗ್ತಿತ್ತಾ? ಆಗ್ತಿತ್ತು ಅಂದ್ರೆ ತಪ್ಪಿರೋದು ಸ್ಪ್ಯಾನರ್ ಮುಟ್ಟಿದ ಜಾಗದಲ್ಲೇ. ಹೆಡ್ಡು, ಸಿಲಿಂಡರ್, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋದು), ಮ್ಯಾಗ್ನೆಟ್ (ಕಿಡಿಗೆ ಕರೆಂಟ್ ಹುಟ್ಟಿಸೋದು), ಏನೇನು ಬಿಚ್ಚಿದ್ರು ಅಂತ ಚೀಟಿಲಿ ಬರ್ಕೊಳ್ಳಿ, ಅದು ಬಿಟ್ಟು ಬೇರೆ ಕಡೆ ಕೈ ಹಾಕ್ಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಜೆಟ್ (ಕಾರ್ಬೊರೇಟರಲ್ಲಿ ಪೆಟ್ರೋಲ್ ಹೋಗೋ ಸಣ್ಣ ತೂತಿನ ತುಂಡು), ಟೈಮಿಂಗ್ (ಕಿಡಿ ಬೀಳೋ ಹೊತ್ತು) ಮೂರನ್ನೂ ಒಟ್ಟಿಗೆ ಬದಲಾಯಿಸಿದ್ರೆ ಗಾಡಿ ಸ್ಟಾರ್ಟ್ ಆದ್ರೂ ಯಾವುದರಿಂದ ಆಯ್ತು ಅಂತ ಗೊತ್ತಾಗಲ್ಲ.

ಕಿಕ್ ಹೊಡೆಯೋದ್ರಲ್ಲೇ ಒಂದು ಎಡವಟ್ಟು ಇರುತ್ತೆ, ಅದನ್ನ ಹೇಳ್ಬಿಡ್ತೀನಿ. ಇದರ ಮಿಕುನಿ ಕಂಪನಿಯ ಕಾರ್ಬೊರೇಟರಲ್ಲಿ ಚೋಕ್ ಎತ್ತಿದಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿರ್ಬೇಕು, ಆಗ್ಲೇ ಚೋಕ್ ದಾರೀಲಿ ಪೆಟ್ರೋಲ್ ಎಳ್ಕೊಳ್ಳೋದು. ನಾವೇನು ಮಾಡ್ತೀವಿ, ಚೋಕ್ ಎತ್ತಿ, ಆಕ್ಸಿಲರೇಟರ್ ತಿರುವಿ ತಿರುವಿ ಕಿಕ್ ಹೊಡಿತೀವಿ, ಅಲ್ಲಿಗೆ ಚೋಕ್ ಇದ್ದೂ ಇಲ್ಲದಂಗೆ. ಕೈ ಬಿಟ್ಟು ನಾಲ್ಕೈದು ಕಿಕ್ ಹೊಡೆದು ನೋಡಿ. ಹೊಸ ಪಿಸ್ಟನ್ ಇರೋದ್ರಿಂದ ಕಿಕ್ಕರ್ ಸ್ವಲ್ಪ ಭಾರ ಅನ್ಸುತ್ತೆ, ಅದಕ್ಕೆ ಹೆದ್ರಬೇಡಿ.

ಆಗ್ಲಿಲ್ವಾ, ಪ್ಲಗ್ ಬಿಚ್ಚಿ. ಒದ್ದೆ ಇದ್ರೆ ಪೆಟ್ರೋಲ್ ಬರ್ತಿದೆ, ಬೆಂಕಿ ಬರ್ತಿಲ್ಲ ಅಥವಾ ಪೆಟ್ರೋಲ್ ಜಾಸ್ತಿ ಆಗಿದೆ. ಒಣಗಿದ್ರೆ ಪೆಟ್ರೋಲ್ ತಲುಪ್ತಾನೇ ಇಲ್ಲ. ಎಣ್ಣೆ ಜಿಡ್ಡು ಮೆತ್ಕೊಂಡಿದ್ರೆ ಟೂಟಿ ಆಯಿಲ್ (ಇಂತಾ ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲ್ ಜೊತೆ ಸೇರೋ 2ಟಿ ಎಣ್ಣೆ) ಹೆಚ್ಚಾಗಿದೆ. ಈ ಕೊನೇದು ಬೋರ್ ಆದ ಗಾಡೀಲಿ ತುಂಬಾ ನೋಡ್ತೀವಿ, ಯಾಕಂದ್ರೆ ಹೊಸ ಪಿಸ್ಟನ್ ಪಳಗೋ ತನಕದ ರನ್ನಿಂಗ್ ಇನ್‌ಗೆ ಅಂತ ಟ್ಯಾಂಕಿಗೂ ಆಯಿಲ್ ಸುರಿದಿರ್ತಾರೆ, ಅತ್ತ ಆಯಿಲ್ ಪಂಪೂ ತನ್ನ ಪಾಲಿಂದು ಕಳಿಸ್ತಿರುತ್ತೆ. ಪಂಪ್ ಪೈಪ್ ಬಿಚ್ಚಿದ್ರೆ ಒಳಗೆ ಗಾಳಿ ಸೇರಿರುತ್ತೆ, ಆ ಗಾಳಿ ತೆಗಿಯೋ ತನಕ ಟ್ಯಾಂಕಿಗೆ ಹಾಕೋದು ಸರೀನೇ, ಆದ್ರೆ ಲೀಟರಿಗೆ 20 ಎಂಎಲ್ ಸಾಕು, ಕಣ್ಣಂದಾಜಲ್ಲಿ ಅರ್ಧ ಬಾಟ್ಲಿ ಅಲ್ಲ.

ಪ್ಲಗ್ ಒದ್ದೆ ಆಗೋವರೆಗೂ ಕಿಕ್ ಹೊಡೆದಿದ್ರೆ ಸಿಲಿಂಡರ್ ಕೆಳಗಿರೋ ಕ್ರ್ಯಾಂಕ್ ಕೋಣೆ ಒಳಗೂ ಪೆಟ್ರೋಲ್ ನಿಂತಿರುತ್ತೆ. ಪೆಟ್ರೋಲ್ ಕಾಕ್ ಮುಚ್ಚಿ, ಚೋಕ್ ಇಳಿಸಿ, ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದು ಪ್ಲಗ್ ಇಲ್ದೇನೇ ಹತ್ತು ಹದಿನೈದು ಕಿಕ್ ಹೊಡೀರಿ, ಹೊಗೆ ತರ ಹೊರಗೆ ಬರುತ್ತೆ. ಆಗ ಇಗ್ನಿಷನ್ ಆಫ್ ಇರ್ಲಿ, ಹತ್ರ ಬೀಡಿ ಸಿಗರೇಟ್ ಸೇದೋರು ಯಾರೂ ಬೇಡ.

ಈಗ ಸ್ಪಾರ್ಕು. ಇಗ್ನಿಷನ್ ಆನ್ ಮಾಡಿ, ಪ್ಲಗ್ ಕ್ಯಾಪಿಗೆ ಸಿಕ್ಕಿಸಿ, ಹೆಡ್ಡಿನ ಫಿನ್ನಿಗೆ ತಾಗಿಸಿ, ಪ್ಲಗ್ ತೂತಿಂದ ದೂರ ಇಟ್ಕೊಂಡು ಕಿಕ್ ಹೊಡೀರಿ. ಚಟ್ ಚಟ್ ಅಂತ ನೀಲಿ ಕಿಡಿ ಬೇಕು. ಹಳದಿ ಕಿಡಿ ಗಾಳೀಲಿ ಕಾಣ್ಸುತ್ತೆ, ಸಿಲಿಂಡರ್ ಒಳಗಿನ ಒತ್ತಡದಲ್ಲಿ (ಕಂಪ್ರೆಷನ್) ಆರಿಹೋಗುತ್ತೆ. ಇಂಜಿನ್ನಿಗೆ ಬಣ್ಣ ಹೊಡೆದಿದ್ದಾರೆ ಅಂದ್ನಲ್ಲ, ನನ್ನ ಮೊದಲ ಅನುಮಾನ ಅದರ ಮೇಲೇ. ಇಂಜಿನ್ ಬೋಲ್ಟ್ ಕೂರೋ ಜಾಗ, ಕಾಯಿಲ್ ಫ್ರೇಮಿಗೆ ಕೂರೋ ಜಾಗ, ಎರಡೂ ಕಡೆ ಬಣ್ಣ ಕೆರೆದು ಬರಿ ಲೋಹ ಕಾಣೋ ಹಾಗೆ ಮಾಡಿ, ಅರ್ತ್ ಸಿಗದೆ ಒದ್ದಾಡ್ತಿರುತ್ತೆ ಪಾಪ.

ಮ್ಯಾಗ್ನೆಟ್ ಬಿಚ್ಚಿದ್ರೆ ಅಲ್ಲಿ ಎರಡು ಮೂರು ವಿಷ್ಯ ಇದೆ. ಆರ್‌ಎಕ್ಸ್ 100ರಲ್ಲಿ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಇಲ್ಲ, ತೆರೆದು ಮುಚ್ಚಿ ಕಿಡಿ ಹುಟ್ಟಿಸೋ ಪಾಯಿಂಟ್ ಸೆಟ್ಟು. ಗ್ಯಾಪು 0.3ರಿಂದ 0.4 ಎಂಎಂ ಇರ್ಬೇಕು, ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕೇ ನೋಡಿ. ಹೊಸ ಪಾಯಿಂಟ್ ಹಾಕಿದ್ರೆ ಅದರ ಮೇಲೆ ಎಣ್ಣೆ ಪಸೆ ಇರುತ್ತೆ, ಹಳೇ ಮದುವೆ ಕಾಗದದ ಒಂದು ತುಂಡು ಪೆಟ್ರೋಲಲ್ಲಿ ಅದ್ದಿ ಪಾಯಿಂಟ್ ಮಧ್ಯೆ ಎಳೆದ್ರೆ ಹೋಗುತ್ತೆ. ಕ್ರ್ಯಾಂಕ್ ಮೇಲೆ ಕಿರುಬೆರಳ ಉಗುರಿನಷ್ಟು ಅರ್ಧಚಂದ್ರದ ಕೀ ಇದೆ, ಅದು ಜಾರಿದ್ರೆ ಅಥವಾ ಅರ್ಧ ಕಟ್ ಆಗಿದ್ರೆ ಕಿಡಿ ಚೆನ್ನಾಗೇ ಬರುತ್ತೆ, ಆದ್ರೆ ಬರಬಾರದ ಹೊತ್ತಲ್ಲಿ ಬರುತ್ತೆ. ಸೈಲೆನ್ಸರಲ್ಲಿ ಪಟಾಕಿ ಹೊಡೆದಂಗೆ ಆಗ್ತಿದ್ರೆ, ಇಲ್ಲ ಕಿಕ್ಕರ್ ವಾಪಸ್ ಕಾಲಿಗೆ ಒದೀತಿದ್ರೆ ಟೈಮಿಂಗ್ ಕಡೆನೇ ನೋಡಿ.

ಕಂಪ್ರೆಷನ್ನಿಗೆ ಹೆಬ್ಬೆರಳು ಸಾಕು. ಪ್ಲಗ್ ತೂತಿಗೆ ಒತ್ತಿ ಹಿಡಿದು ಕಿಕ್ ಹೊಡೆದ್ರೆ ಬೆರಳನ್ನ ತಳ್ಳಿ ಹಾಕ್ಬೇಕು. ಮೆತ್ತಗೆ ಅನ್ನಿಸಿದ್ರೆ ಒಂದು ಟೀ ಚಮಚ ಟೂಟಿ ಆಯಿಲ್ ತೂತಿಗೆ ಬಿಟ್ಟು ನಿಧಾನಕ್ಕೆ ನಾಲ್ಕು ಸಲ ಕಿಕ್ಕರ್ ತಿರುಗಿಸಿ ಮತ್ತೆ ನೋಡಿ, ಈಗ ಜೋರಾದ್ರೆ ಹೊಸ ರಿಂಗ್ ಒಣಗಿ ಕೂತಿದೆ ಅಂತ, ಎಷ್ಟೋ ಸಲ ಇಷ್ಟಕ್ಕೇ ಸ್ಟಾರ್ಟ್ ಆಗ್ಬಿಡುತ್ತೆ. ಆಯಿಲ್ ಬಿಟ್ರೂ ಮೆತ್ತಗೇ ಇದ್ರೆ ಹೆಡ್ ನಟ್ ಅಡ್ಡಾದಿಡ್ಡಿ ಬಿಗಿದಿದ್ದಾರಾ, ಗ್ಯಾಸ್ಕೆಟ್ ಸರಿ ಕೂತಿದೆಯಾ ನೋಡ್ಬೇಕು. ಪಿಸ್ಟನ್ ತಲೆ ಮೇಲಿರೋ ಬಾಣದ ಗುರುತು ಸೈಲೆನ್ಸರ್ ಕಡೆಗಿರ್ಬೇಕು, ತಿರುಗಿ ಕೂತಿದ್ರೆ ರಿಂಗಿನ ಬಾಯಿ ಸಿಲಿಂಡರ್ ಗೋಡೆಯ ಪೋರ್ಟಿಗೆ (ತೂತಿಗೆ) ಸಿಕ್ಕಾಕೊಳ್ಳುತ್ತೆ, ಆಮೇಲೆ ಕಿಕ್ ಹೊಡಿಯೋದೇ ಬೇಡ. ಇಳಿಜಾರಲ್ಲಿ ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ, ಕಿಕ್ಕಿಗೆ ಮಾತ್ರ ಆಗಲ್ಲ ಅನ್ನೋ ಗಾಡಿಗಳಲ್ಲಿ ಇಲ್ಲಾ ಕಂಪ್ರೆಷನ್ ಕಮ್ಮಿ, ಇಲ್ಲಾ ಕಿಡಿ ದುರ್ಬಲ, ಹೆಚ್ಚುಕಮ್ಮಿ ಈ ಎರಡರಲ್ಲೊಂದು.

ಪೆಟ್ರೋಲ್ ಕಡೆ ಬರೋಣ. ಎರಡು ತಿಂಗಳು ಗ್ಯಾರೇಜಲ್ಲಿ ನಿಂತ ಗಾಡೀಲಿ ಸ್ಲೋ ಜೆಟ್ಟಿನ ಸೂಜಿ ತೂತು ಅಂಟು ಕಟ್ಟಿರುತ್ತೆ, ಅದನ್ನ ಬಿಚ್ಚಿ ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣ್ಬೇಕು. ಕಾರ್ಬ್ ಒಳಗಿನ ಸ್ಲೈಡಿನ ಒಂದು ಬದಿ ಕೆಳಗಡೆ ಕತ್ತರಿಸಿದ ಹಾಗಿರುತ್ತೆ, ಆ ಬದಿ ಏರ್ ಫಿಲ್ಟರ್ ಕಡೆಗೆ ಬರ್ಬೇಕು, ತಿರುಗಿ ಹಾಕಿದ್ರೆ ಆಕ್ಸಿಲರೇಟರ್ ಪೂರ್ತಿ ಮುಚ್ಚೋದೇ ಇಲ್ಲ.

ನಗ್ಬೇಡಿ, ನನ್ನ ಗಾಡಿಗೆ ನಾನೇ ಮಾಡ್ಕೊಂಡಿದ್ದು ಹೇಳ್ತೀನಿ. ಸಿಲಿಂಡರ್ ಲೇತಿಂದ ಬಂದ್ಮೇಲೆ ಧೂಳು ಹೋಗದೆ ಇರ್ಲಿ ಅಂತ ಕಾರ್ಬ್ ಕೂರೋ ಬಾಯಿಗೆ ಹಳೇ ಬನಿಯನ್ ತುಂಡು ತುರುಕಿದ್ದೆ. ಮರೆತು ಅದರ ಮೇಲೇ ಕಾರ್ಬ್ ಕೂರಿಸಿ ಬಿಗಿದೆ. ಒಂದು ಸಂಜೆ ಪೂರ್ತಿ ಕಿಕ್ ಹೊಡೆದು, ಪ್ಲಗ್ ಎರಡು ಬದಲಾಯಿಸಿ, ಮಾರನೇ ದಿನ ಕಾರ್ಬ್ ಬಿಚ್ಚಿದ್ರೆ ಪೆಟ್ರೋಲಲ್ಲಿ ನೆಂದ ಬನಿಯನ್ ನನ್ನನ್ನೇ ನೋಡ್ತಿತ್ತು. ಸೈಲೆನ್ಸರ್ ಬಾಯೂ ಒಂದ್ಸಲ ನೋಡ್ಬಿಡಿ, ಬಿಚ್ಚಿಟ್ಟಿದ್ದಾಗ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರೋದುಂಟು.

ಹೀರೋ ಇಂಪಲ್ಸ್ ತರದ ಫೋರ್ ಸ್ಟ್ರೋಕ್ ಆದ್ರೆ ಪ್ಲಗ್ಗು, ಪೆಟ್ರೋಲು, ಅರ್ತಿನ ಲೆಕ್ಕ ಇದೇ, ಜೊತೆಗೆ ಟ್ಯಾಪೆಟ್ ಗ್ಯಾಪು (ವಾಲ್ವ್ ತಲೆ ಮೇಲಿನ ಸಂದು) ಮತ್ತೆ ಟೈಮಿಂಗ್ ಚೈನು ಸೇರ್ಕೊಳ್ಳುತ್ತೆ. ಟ್ಯಾಪೆಟ್ ಟೈಟಾಗಿದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರಿಹೋಗುತ್ತೆ. ಇಂಜಿನ್ ತಣ್ಣಗಿದ್ದಾಗ್ಲೇ ಸೆಟ್ ಮಾಡಿ.

ಇಷ್ಟೆಲ್ಲಾ ಸರಿ ಇದ್ದೂ ಹಠ ಮಾಡೋ ಟೂ ಸ್ಟ್ರೋಕಲ್ಲಿ ಎಲ್ಲೋ ಗಾಳಿ ಸೋರ್ತಿರೋ ಸಾಧ್ಯತೆ ಹೆಚ್ಚು. ಕ್ರ್ಯಾಂಕಿನ ಎರಡೂ ತುದೀಲಿ ಗಾಳಿ, ಎಣ್ಣೆ ತಡೆಯೋ ರಬ್ಬರ್ ಸೀಲ್ ಇರುತ್ತೆ. ಕ್ಲಚ್ ಕಡೆ ಸೀಲ್ ಹೋಗಿದ್ರೆ ಗೇರ್ ಆಯಿಲ್ ಒಳಗೆ ಎಳ್ಕೊಂಡು ದಟ್ಟ ಬಿಳಿ ಹೊಗೆ ಬರುತ್ತೆ, ಹಾಕಿದ ಆಯಿಲ್ ಇಳಿಸಿ ಅಳೆದ್ರೆ ಕಮ್ಮಿ ಇರುತ್ತೆ. ಮ್ಯಾಗ್ನೆಟ್ ಕಡೆದು ಹೋಗಿದ್ರೆ ಹೊಗೆ ಗಿಗೆ ಏನಿಲ್ಲ, ಬರೀ ಗಾಳಿ. ಇದನ್ನ ಕಂಡುಹಿಡಿಯೋಕೆ ಮನೇಲಿರೋ ಹಳೇ ಬಿಪಿ ಮಿಷನ್ ಸಾಕು. ಸೈಲೆನ್ಸರ್ ಬಾಯಿಗೆ, ಕಾರ್ಬ್ ಬಾಯಿಗೆ ಹಳೇ ಟ್ಯೂಬ್ ರಬ್ಬರ್ ಇಟ್ಟು ತಗಡಲ್ಲಿ ಬಿಗಿದು ಮುಚ್ಚಿ, ಪ್ಲಗ್ ತೂತಿಗೆ ಒಂದು ಅಡಾಪ್ಟರ್ ಕೂರಿಸಿ, ಬಲ್ಬ್ ಒತ್ತಿ ಮುಳ್ಳು 300ಕ್ಕೆ ತನ್ನಿ, ಅದು ಹತ್ರಹತ್ರ 6 ಪಿಎಸ್‌ಐ, ಅದಕ್ಕಿಂತ ಮೇಲೆ ಹೋಗ್ಬೇಡಿ, ಸೀಲ್ ಹಾಳಾಗುತ್ತೆ. ಐದಾರು ನಿಮಿಷ ಮುಳ್ಳು ಅಲ್ಲೇ ನಿಲ್ಬೇಕು. ಇಳೀತಿದ್ರೆ ಸೋಪು ನೀರು ಬ್ರಷ್ಷಲ್ಲಿ ಸಿಲಿಂಡರ್ ಬುಡ, ಹೆಡ್ಡು, ಕಾರ್ಬಿನ ರಬ್ಬರ್ ಸುತ್ತ ಹಚ್ತಾ ಹೋಗಿ. ಪಕ್ಕದ ಮನೆ ಹುಡುಗನ ಗಾಡೀಲಿ ನಾವು ಎಲ್ಲಾ ಕಡೆ ಹಚ್ಚಿ ಸುಸ್ತಾದ್ಮೇಲೆ ಕಾರ್ಬ್ ರಬ್ಬರಿನ ಅಡಿ ಭಾಗಕ್ಕೆ ಕನ್ನಡಿ ಹಿಡಿದು ನೋಡಿದ್ವಿ, ಕೂದಲೆಳೆ ಬಿರುಕಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏಳ್ತಿದ್ವು. ಹೊಸ ರಬ್ಬರ್ ಹಾಕಿ ಎರಡನೇ ಕಿಕ್ಕಿಗೆ ಎದ್ದಿತು.