ಕೆಫೀನ್ ಗಿಡಕ್ಕೆ ಏನು ಮಾಡುತ್ತೆ? ಮನೇಲೇ ಸರಿಯಾಗಿ ಪರೀಕ್ಷೆ ಮಾಡೋದು ಹೀಗೆ

ವಿಜ್ಞಾನ ಪ್ರಾಜೆಕ್ಟ್ ಅಂದ್ರೆ ತುಂಬಾ ಮಕ್ಕಳು ಆರಿಸ್ಕೊಳ್ಳೋ ವಿಷಯ ಇದು. ಒಂದು ಕುಂಡಕ್ಕೆ ನೀರು, ಇನ್ನೊಂದಕ್ಕೆ ಕಾಫಿ, ಒಂದೆರಡು ವಾರ ಕಾಯೋದು, ಕಾಫಿ ಹಾಕಿದ ಗಿಡ ಸೊರಗಿದ್ರೆ ಕೆಫೀನ್ ಕೆಟ್ಟದ್ದು ಅಂತ, ಚೆನ್ನಾಗಿ ಬಂದಿದ್ರೆ ಕೆಫೀನ್ ಒಳ್ಳೇದು ಅಂತ ಚಾರ್ಟಲ್ಲಿ ಬರೆದುಬಿಡೋದು. ಎಷ್ಟೋ ಮಕ್ಕಳ ಶ್ರಮ ಹೀಗೆ ಹಾಳಾಗೋದನ್ನ ನೋಡಿದೀನಿ, ಅದಕ್ಕೇ ಇದನ್ನ ಬರೀತಾ ಇರೋದು. ಕಾಫೀಲಿ ಕೆಫೀನ್ ಒಂದೇ ಇರಲ್ಲ, ಕ್ಲೋರೋಜೆನಿಕ್ ಆಸಿಡ್ ಇದೆ, ಪೊಟ್ಯಾಶಿಯಂ ಇದೆ, ಪಿಎಚ್ 5ರ ಆಸುಪಾಸು ಇರೋದ್ರಿಂದ ಹುಳಿ ಬೇರೆ. ಗಿಡ ಸೊರಗಿದ್ದು ಯಾವುದರಿಂದ ಅಂತ ಆ ಎರಡು ಕುಂಡ ನೋಡಿ ಯಾರೂ ಹೇಳಕ್ಕಾಗಲ್ಲ.

ಮೊದಲು ಕಾಳು. ಕುಂಡ, ಮಣ್ಣು ಬೇಡವೇ ಬೇಡ, ಹೆಸರುಕಾಳು ತಗೊಳ್ಳಿ. ಬೇಗ ಮೊಳಕೆ ಬರುತ್ತೆ, ಬೇರು ನೇರವಾಗಿರುತ್ತೆ, ಸ್ಕೇಲ್ ಇಟ್ಟು ಅಳೀಬಹುದು. ಎಲ್ಲವನ್ನೂ ಬರೀ ನೀರಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಉಬ್ಬಿರೋದನ್ನ ಮಾತ್ರ ಆರಿಸಿ. ನೆನೆಯದೆ ಕಲ್ಲಿನ ಹಾಗೇ ಉಳಿಯೋ ಕಾಳು ಕೆಲವು ಇದ್ದೇ ಇರುತ್ತೆ, ಅದನ್ನ ಹಾಗೇ ಸೇರಿಸಿದ್ರೆ ಆಮೇಲೆ ಮೊಳಕೆ ಬರದೇ ಇದ್ದಿದ್ದಕ್ಕೆ ಪಾಪ ಕೆಫೀನ್ ಮೇಲೆ ತಪ್ಪು ಹೊರಿಸ್ತೀರ.

ಎರಡನೇದು ದ್ರಾವಣ. ಎಲ್ಲರೂ ಎಡವೋದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಎರಡು ಇನ್‌ಸ್ಟಂಟ್ ಕಾಫಿ ಪುಡಿ ಬೇಕು, ಒಂದು ಮಾಮೂಲಿ, ಇನ್ನೊಂದು ಡಿಕ್ಯಾಫ್ ಅಂದ್ರೆ ಕೆಫೀನ್ ತೆಗೆದಿರೋದು. ಆದಷ್ಟು ಒಂದೇ ಕಂಪನೀದು ಇರಲಿ. ಪ್ಯಾಕೆಟ್ ಹಿಂದೆ ಓದಿ, ಚಿಕೋರಿ ಬೆರೆಸಿದ್ರೆ ವಾಪಸ್ ಇಟ್ಟುಬಿಡಿ, ಚಿಕೋರೀಲಿ ಕೆಫೀನೇ ಇರಲ್ಲ, ಅದು ಎಷ್ಟು ಸೇರಿದೆಯೋ ಅಷ್ಟೂ ನಿಮ್ಮ ಲೆಕ್ಕ ತಪ್ಪುತ್ತೆ. ತ್ರೀ ಇನ್ ಒನ್ ಸ್ಯಾಶೆ, ಎನರ್ಜಿ ಡ್ರಿಂಕ್, ಕೋಲಾ ಯಾವುದೂ ಬೇಡ, ಸಕ್ಕರೆ ನೀರಲ್ಲಿ ಬೂಷ್ಟು ಬೆಳೆಯುತ್ತೆ ಹೊರತು ಬೇರಲ್ಲ. ಕೆಫೀನ್ ಸೇರಿರೋ ತಲೆನೋವಿನ ಮಾತ್ರೆ ಪುಡಿ ಮಾಡಿ ಹಾಕೋರೂ ಇದಾರೆ, ಅದರಲ್ಲಿ ಪ್ಯಾರಾಸಿಟಮಾಲ್ ಅಂಥ ಬೇರೆ ಔಷಧಿ ಇರುತ್ತೆ, ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಇನ್ನು ಶುದ್ಧ ಕೆಫೀನ್ ಪುಡಿ ತರಿಸೋಣ ಅಂತ ಯೋಚನೇನೂ ಮಾಡಬೇಡಿ, ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳೋ ಪ್ರಕಾರ ಅದರ ಒಂದು ಟೀ ಚಮಚ ಸುಮಾರು 28 ಕಪ್ ಕಾಫಿಗೆ ಸಮ, ಜೀವಕ್ಕೇ ಅಪಾಯ. ಮಕ್ಕಳಿರೋ ಮನೇಲಿ ಅದು ಇರಲೇಬಾರದು.

ಈಗ ಎರಡು ಪುಡೀನೂ ತೂಕ ಮಾಡಿ ತಲಾ 4 ಗ್ರಾಂ, 200 ಎಂಎಲ್ ಬಿಸಿ ನೀರಲ್ಲಿ ಬೇರೆ ಬೇರೆ ಕಲಸಿ ಪೂರ್ತಿ ಆರಕ್ಕೆ ಬಿಡಿ. ಚಮಚದ ಅಳತೆ ನಂಬಬೇಡಿ, ಒಂದು ಪುಡಿ ಹಗುರ ಇರುತ್ತೆ ಇನ್ನೊಂದು ಭಾರ.

ಆಮೇಲೆ ಪ್ರಮಾಣ ಬದಲಾಯಿಸೋದು. ಸಾಮಾನ್ಯವಾಗಿ ಏನ್ ಮಾಡ್ತಾರೆ, ಕಾಫಿಗೆ ನೀರು ಬೆರೆಸ್ತಾ ಹೋಗ್ತಾರೆ, ಅರ್ಧ, ಕಾಲು ಅಂತ. ನೀರು ಬೆರೆಸಿದ್ರೆ ಕೆಫೀನ್ ಜೊತೆ ಹುಳಿ, ಆಸಿಡ್, ಉಪ್ಪಿನಂಶ ಎಲ್ಲಾ ಒಟ್ಟಿಗೇ ಕಮ್ಮಿ ಆಗುತ್ತೆ, ಮತ್ತೆ ಅದೇ ಗೊಂದಲ. ನೀವು ನೀರಿನ ಬದಲು ಡಿಕ್ಯಾಫ್ ಬೆರೆಸಿ. ಒಂದು ಡಬ್ಬಿಗೆ ಪೂರ್ತಿ ಮಾಮೂಲಿ ಕಾಫಿ, ಇನ್ನೊಂದಕ್ಕೆ ಅರ್ಧ ಮಾಮೂಲಿ ಅರ್ಧ ಡಿಕ್ಯಾಫ್, ಮತ್ತೊಂದಕ್ಕೆ ಕಾಲು ಭಾಗ ಮಾಮೂಲಿ ಮುಕ್ಕಾಲು ಡಿಕ್ಯಾಫ್, ಆಮೇಲೆ ಪೂರ್ತಿ ಡಿಕ್ಯಾಫ್, ಕೊನೇದಕ್ಕೆ ಬರೀ ನೀರು. ಮೊದಲ ನಾಲ್ಕು ಡಬ್ಬೀಲಿ ಕಾಫಿಯ ಮಿಕ್ಕ ಗುಣ ಹೆಚ್ಚುಕಮ್ಮಿ ಒಂದೇ, ಬದಲಾಗೋದು ಕೆಫೀನ್ ಮಾತ್ರ. ಡಿಕ್ಯಾಫಲ್ಲೂ ಚೂರು ಕೆಫೀನ್ ಉಳಿದಿರುತ್ತೆ, ತೀರಾ ಕಮ್ಮಿ, ತೊಂದರೆ ಇಲ್ಲ. ಪೂರ್ತಿ ಡಿಕ್ಯಾಫಲ್ಲೇ ಬೇರು ತೀರಾ ಗಿಡ್ಡ ಆಗಿಬಿಟ್ರೆ ದ್ರಾವಣ ಗಟ್ಟಿಯಾಗಿದೆ ಅಂತ ಅರ್ಥ, ಆಗ ಎರಡೂ ಕಾಫಿಗೆ ಸಮಪ್ರಮಾಣದಲ್ಲಿ ನೀರು ಸೇರಿಸಿ ತೆಳು ಮಾಡ್ಕೊಂಡು ಮತ್ತೆ ಶುರು ಮಾಡಿ. ಡಿಕ್ಯಾಫ್ ಸಿಗಲೇ ಇಲ್ವಾ? ಹಾಗಿದ್ರೆ ಪ್ರಾಜೆಕ್ಟಿಗೆ "ಕಾಫಿಯ ಪರಿಣಾಮ" ಅಂತಲೇ ಹೆಸರಿಡಿ, ಕೆಫೀನ್ ಅನ್ನಬೇಡಿ.

ಮೂರನೇದು ಸುಲಭ. ಡಬ್ಬೀಲಿ ಟಿಶ್ಯೂ ಮಡಚಿ ಹಾಸಿ, ಒಂದೊಂದಕ್ಕೂ 15 ಎಂಎಲ್ ದ್ರಾವಣ, 20 ಕಾಳು, ಮುಚ್ಚಳ, ಕತ್ತಲೆ ಜಾಗ. ಕಾಳು ಮುಳುಗಬಾರದು. ಒಂದೊಂದು ದ್ರಾವಣಕ್ಕೂ ಮೂರು ಡಬ್ಬಿ ಇಟ್ರೆ ಒಳ್ಳೇದು. ಟಿಶ್ಯೂ ಒಣಗ್ತಾ ಬಂದ್ರೆ ಮತ್ತೆ ಕಾಫಿ ಹಾಕಬೇಡಿ, ಬರೀ ನೀರು ಚಿಮುಕಿಸಿ, ಯಾಕಂದ್ರೆ ಆರಿಹೋಗಿರೋದು ನೀರು ಮಾತ್ರ, ಕೆಫೀನ್ ಅಲ್ಲೇ ಉಳಿದಿರುತ್ತೆ.

ನಾಲ್ಕನೇದು ಅಳತೆ. ನಾಲ್ಕನೇ ದಿನ ಮುಗಿಸಿ, ಅದಕ್ಕಿಂತ ತಡ ಮಾಡಿದ್ರೆ ಬೂಷ್ಟು ಬರೋಕೆ ಶುರುವಾಗುತ್ತೆ. ಎಲೆ, ಎತ್ತರ ನೋಡ್ತಾ ಕೂರಬೇಡಿ, ಬೇರು ಅಳೀರಿ, ಕೆಫೀನ್ ಹೊಡೆತ ಮೊದಲು ಕಾಣೋದು ಅಲ್ಲೇ. ತಾಯಿಬೇರಿನ ಉದ್ದ ಮಿಲಿಮೀಟರಲ್ಲಿ, ಕವಲು ಬೇರು ಎಷ್ಟು, ತುದಿ ಕಂದು ತಿರುಗಿದ್ಯಾ, ಮೂರನ್ನೂ ಬರ್ಕೊಳ್ಳಿ. ಅಳೆಯೋರಿಗೆ ಯಾವ ಡಬ್ಬೀಲಿ ಏನಿದೆ ಅಂತ ಗೊತ್ತಿರಬಾರದು, ಮನೇಲಿ ಇನ್ನೊಬ್ಬರ ಕೈಲಿ ಡಬ್ಬಿಗೆ ಬರೀ ನಂಬರ್ ಅಂಟಿಸಿ. ಟಿಶ್ಯೂ ಮೇಲಿರೋ ಕಾಫಿ ಬಣ್ಣ ನೋಡಿದ್ರೆ ಗೊತ್ತಾಗಿಬಿಡುತ್ತೆ, ಹಾಗಾಗಿ ಮೊಳಕೆ ತೆಗೆದು ತೊಳೆದು ಬಿಳಿ ಹಾಳೆ ಮೇಲೆ ಇಟ್ಟು ಕೊಡಿ.

ಕೆಫೀನ್ ಜಾಸ್ತಿ ಆದಷ್ಟೂ ಬೇರು ಗಿಡ್ಡ ಆಗ್ತಾ ಹೋದ್ರೆ ಅದಕ್ಕೆ ಕಾರಣ ಇದೆ. ಸಸ್ಯದ ಜೀವಕೋಶ ಎರಡಾಗುವಾಗ ನಡುವೆ ಹೊಸ ಗೋಡೆ ಏಳಬೇಕು, ಕೆಫೀನ್ ಆ ಗೋಡೆ ಕಟ್ಟೋದನ್ನ ತಡೆಯುತ್ತೆ, ಹಾಗಾಗಿ ಒಂದೇ ಕೋಶದಲ್ಲಿ ಎರಡು ನ್ಯೂಕ್ಲಿಯಸ್ ಉಳ್ಕೊಳ್ಳುತ್ತೆ. ಶಾಲೇಲಿ ಮೈಕ್ರೋಸ್ಕೋಪ್ ಇದ್ರೆ ಈರುಳ್ಳಿ ಬೇರಿನ ತುದೀಲಿ ಇದನ್ನ ಹುಡುಕಬಹುದು, ಆದ್ರೆ ಅದಕ್ಕೆ ಕಾಫಿಗಿಂತ ಗಟ್ಟಿಯಾದ ಕೆಫೀನ್ ದ್ರಾವಣ ಬೇಕು, ಅದು ಲ್ಯಾಬಲ್ಲಿ ಟೀಚರ್ ಮಾಡಿಕೊಡೋ ಕೆಲಸ.

ಕಾಫಿ ಗಿಡ ಕೆಫೀನ್ ತಯಾರಿಸೋದೂ ಸುಮ್ನೆ ಅಲ್ಲ, ಹುಳಗಳಿಂದ ಕಾಪಾಡ್ಕೊಳ್ಳೋಕೂ ಇರಬಹುದು. ಹವಾಯಿಯಲ್ಲಿ ಮಾಡಿದ ಸಂಶೋಧನೆ 2002ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಬಂದಿತ್ತು, 1ರಿಂದ 2% ಕೆಫೀನ್ ದ್ರಾವಣಕ್ಕೆ ಚಿಪ್ಪಿಲ್ಲದ ಬಸವನಹುಳು ಸಾಯುತ್ತೆ ಅಂತ. ಕಪ್ಪಲ್ಲಿರೋ ಕಾಫೀಲಿ ಸುಮಾರು 0.05% ಅಷ್ಟೇ, ಹಾಗಾಗಿ ಹುಳ ಸಾಯಲಿ ಅಂತ ಉಳಿದ ಕಾಫಿ ಸುರಿಯೋದು ವ್ಯರ್ಥ. ಕಾಫಿ ಗಿಡದ ಉದುರಿದ ಎಲೆ, ಬೀಜದಿಂದ ಕೆಫೀನ್ ಮಣ್ಣಿಗೂ ಇಳಿಯುತ್ತೆ, ಅದು ಅಕ್ಕಪಕ್ಕದ ಮೊಳಕೆಗಳನ್ನ ತಡೆಯಬಹುದು. ಹೀಗೆ ಒಂದು ಗಿಡ ರಾಸಾಯನಿಕದ ಮೂಲಕ ಇನ್ನೊಂದರ ಮೇಲೆ ಪ್ರಭಾವ ಬೀರೋದಕ್ಕೆ ಅಲಿಲೋಪತಿ ಅಂತ 1937ರಲ್ಲಿ ಹೆಸರಿಟ್ಟಿದ್ದು ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್.

ಮನೇಲಿ ಕಾಫಿ ಚರಟ ಗಿಡಕ್ಕೆ ಹಾಕೋ ಅಭ್ಯಾಸ ಇರೋರು ಒಂದು ಬದಲಾವಣೆ ಮಾಡ್ಕೊಳ್ಳಿ. ಬೀಜ ಹಾಕಿರೋ ಟ್ರೇ, ಎಳೆ ಸಸಿ ಹತ್ರ ಹಸಿ ಚರಟ ಬೇಡ, ದಪ್ಪಗೆ ಹರಡಿದ್ರೆ ಒಣಗಿ ಹೆಪ್ಪುಗಟ್ಟಿ ನೀರನ್ನೂ ಒಳಗೆ ಬಿಡಲ್ಲ. ಕಾಂಪೋಸ್ಟಿಗೆ ಹಾಕಿ, ಅಲ್ಲಿ ಬ್ಯಾಕ್ಟೀರಿಯಾಗಳು ಕೆಫೀನನ್ನ ಒಡೆದು ಹಾಕ್ತವೆ, ಆದ್ರೆ ಒಟ್ಟು ರಾಶೀಲಿ ಚರಟ 20% ಮೀರದ ಹಾಗೆ ನೋಡ್ಕೊಳ್ಳಿ.