ಅಂಬರ್ ಏಲ್ ರುಚಿ ನೋಡುವುದು ಹೇಗೆ?

ಬಿಯರ್ ಎಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು ಎಂಬುದು ನಮ್ಮ ಕಡೆಯ ರೂಢಿ. ಇಂಗ್ಲಿಷರ ಅಂಬರ್ ಏಲ್‌ಗೆ, ಅಂದರೆ ಅವರ ತಾಮ್ರದ ಬಣ್ಣದ ಬಿಯರ್‌ಗೆ, ಈ ಲೆಕ್ಕ ಒಗ್ಗುವುದಿಲ್ಲ. ಲಂಡನ್ನಿನ ಚಿಸಿಕ್‌ನ ಗ್ರಿಫಿನ್ ಬ್ರೂವರಿಯಲ್ಲಿ ತಯಾರಾಗುವ ಫುಲ್ಲರ್ಸ್ ಲಂಡನ್ ಪ್ರೈಡ್ ಅನ್ನೇ ತೆಗೆದುಕೊಳ್ಳಿ. ಅಲ್ಲಿನ ಪಬ್‌ಗಳಲ್ಲಿ ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುವ ಏಲ್‌ಗೆ ನೆಲಮಾಳಿಗೆಯ 11–13 ಡಿಗ್ರಿ ಸೆಲ್ಸಿಯಸ್ ತಂಪೇ ಸಾಕು. ಪೀಪಾಯಿಯ ಪ್ರೈಡ್‌ನಲ್ಲಿ ಆಲ್ಕೋಹಾಲ್ ಶೇ 4.1, ಬಾಟಲಿಯದರಲ್ಲಿ ಶೇ 4.7.

ಹಾಗಾಗಿ ಮೊದಲ ಕೆಲಸ, ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡುವುದು. ಬಿಸಿಲಿಗೆ ಮಾತ್ರ ಬೇಡ. ಬೆಳಕು ತಾಗಿದರೆ, ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಒಡೆದು ಗಬ್ಬು ನಾತ ಹುಟ್ಟುತ್ತದೆ. ಕಂದು ಗಾಜಿನ ಬಾಟಲಿ ಅದನ್ನು ತಡೆಯಲೆಂದೇ.

ಜಿಡ್ಡಿಲ್ಲದ ಗ್ಲಾಸನ್ನು ಓರೆ ಹಿಡಿದು ಸುರಿಯಿರಿ, ಕೊನೆಯಲ್ಲಿ ನೆಟ್ಟಗೆ ಮಾಡಿ. ಒಂದು ಬೆರಳು ನೊರೆ ಸಾಕು. ಬೆಳಕಿಗೆ ಹಿಡಿದರೆ, ಹುಣಸೆಹಣ್ಣು ಹಚ್ಚಿ ಆಗಷ್ಟೇ ತಿಕ್ಕಿದ ತಾಮ್ರದ ಚೊಂಬಿನ ಬಣ್ಣ.

ಇನ್ನು ಮೂಗಿಗೆ ಕೆಲಸ. ಇಲ್ಲಿ ಅವಸರ ಬೇಡ. ರಾಗಿ ಮಾಲ್ಟ್‌ಗೆ ರಾಗಿಯನ್ನು ಮೊಳಕೆ ಬರಿಸಿ ಒಣಗಿಸುತ್ತೇವಲ್ಲ, ಬಿಯರ್‌ನ ಬಾರ್ಲಿಗೂ ಅದೇ ಕ್ರಮ. ಈ ಬಣ್ಣಕ್ಕೆ ಬಳಸುವ ಕ್ರಿಸ್ಟಲ್ ಮಾಲ್ಟ್‌ನದು ಬೇರೆ ಕಥೆ: ಮೊಳೆತ ಕಾಳು ಹಸಿ ಇರುವಾಗಲೇ ಕಾಯಿಸುತ್ತಾರೆ, ಸಿಪ್ಪೆಯೊಳಗೇ ಪಿಷ್ಟ ಸಕ್ಕರೆಯಾಗಿ, ಆಮೇಲೆ ಕಂದಾಗುತ್ತದೆ. ಬ್ರೆಡ್ಡಿನ ಕೆಂಪಗಿನ ಅಂಚು, ಬೆಲ್ಲದ ಪಾಕದ ವಾಸನೆ ಬರುವುದು ಅದರಿಂದ. ಅದರ ಬೆನ್ನಿಗೇ ಇನ್ನೊಂದು ಪರಿಮಳ. ಇಂಗ್ಲಿಷರು ಅದನ್ನು ಮಾರ್ಮಲೇಡ್, ಅಂದರೆ ಕಿತ್ತಳೆಯ ಜಾಮ್, ಎನ್ನುತ್ತಾರೆ. ನಾನೂ ಕೆಲಕಾಲ ತಲೆಯಾಡಿಸಿದೆ, ನಿಜವಾಗಿ ಏನೂ ಹೊಳೆದಿರಲಿಲ್ಲ. ಒಂದು ದಿನ ಗ್ಲಾಸು ಬೆಚ್ಚಗಾದಾಗ ತಟ್ಟನೆ ನೆನಪಾಯಿತು: ಅಮ್ಮ ಮಾಡುವ ಕಿತ್ತಳೆ ಸಿಪ್ಪೆಯ ಗೊಜ್ಜು! ಅದೇ ಬೆಲ್ಲ, ಅದೇ ಕಹಿ. ಒಗ್ಗರಣೆಯೊಂದು ಕಡಿಮೆ, ಅಷ್ಟೇ. ಯೀಸ್ಟ್ ಮತ್ತು ಹಾಪ್ಸ್ ಸೇರಿ ಕೊಡುವ ಪರಿಮಳ ಇದು.

ಈಗ ಗುಟುಕು. ಮೊದಲನೆಯದನ್ನು ನಂಬಬೇಡಿ, ಅದು ಬಾಯಿ ತೊಳೆಯುವುದಕ್ಕೆ. ಎರಡನೆಯದನ್ನು ನಾಲಿಗೆ ತುಂಬ ಹರಡಿ ನುಂಗಿ. ಸಿಹಿ ಮುಂದೆ ಬರುತ್ತದೆ, ಕಹಿ ನುಂಗಿದ ಮೇಲೆ ಏಳುತ್ತದೆ. ಪೀಪಾಯಿಯ ಏಲ್ ಗಂಟಲನ್ನು ಚುರುಕ್ ಎನಿಸುವುದಿಲ್ಲ. ಪೀಪಾಯಿಯೊಳಗೇ ಇನ್ನೊಮ್ಮೆ ಹುದುಗಿ ಹುಟ್ಟಿದ ಗ್ಯಾಸ್ ಬಿಟ್ಟರೆ ಹೊರಗಿನಿಂದ ತುಂಬಿದ್ದಿಲ್ಲ. ‘ಗ್ಯಾಸ್ ಹೋಗಿದೆ’ ಎಂದು ಜಗಳ ತೆಗೆಯಬೇಡಿ. ಹುಳಿ ವಿನೆಗರ್ ವಾಸನೆ ಬಂದರೆ ಮಾತ್ರ ವಾಪಸ್ ಕೊಡಿ. ಬಾಟಲಿಯದರಲ್ಲಿ ನೆನೆದ ರಟ್ಟಿನ ರುಚಿ ಬಂದರೆ ಅದು ಹಳೆಯ ಸರಕು.

ನೆಂಚಿಕೊಳ್ಳಲು ಚೆಡ್ಡರ್ ಚೀಸ್ ಒಳ್ಳೆಯ ಜೋಡಿ, ಹುರಿದ ಶೇಂಗಾ ಕೂಡ. ಖಾರದ ಚಿಲ್ಲಿ ಚಿಕನ್ ಬೇಡ, ಕಹಿ ಇಮ್ಮಡಿಯಾಗುತ್ತದೆ. ತಳದಲ್ಲಿ ಎರಡು ಗುಟುಕು ಉಳಿಸಿ ಹತ್ತು ನಿಮಿಷ ಬಿಟ್ಟು ನೋಡಿ: ಗೊಜ್ಜಿನ ವಾಸನೆ ಗಾಢವಾಗುವುದು ಆಗಲೇ.